ಒಂದೇ ಶಬ್ದ, ಎರಡು ಟೈಮಿಂಗ್

ಅಂಕೋಲಾ ತಾಲೂಕಿನ ಕಡಲ ದಂಡೆಯ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಿಯಿಂದಾಗಿ ದೂರದ ಜಿಲ್ಲೆಗಳಲ್ಲೂ ಹೆಸರಾದ ಊರು. ರೋಗಿಯನ್ನು ಬಸ್ಸಿನಲ್ಲಿ ಕೂರಿಸಿ ಕರೆತರುವುದು ಕಷ್ಟ. ಆದ್ದರಿಂದ ಹೆಚ್ಚಿನವರು ಸ್ವಂತದ್ದೋ ಬಾಡಿಗೆಯದ್ದೋ ಕಾರು ಮಾಡಿಕೊಂಡು ಬರುತ್ತಾರೆ. ಹುಬ್ಬಳ್ಳಿ, ಧಾರವಾಡದ ಕಡೆಯವರಾದರೆ ಬರುವಾಗ ಅರಬೈಲ್ ಘಟ್ಟ ಇಳಿಯಬೇಕು, ಮರಳುವಾಗ ಹತ್ತಬೇಕು. ಇಳಿಯುವಾಗ ಎಂಜಿನ್ನಿನ ಕಾಯಿಲೆ ಗೊತ್ತಾಗುವುದಿಲ್ಲ. ಹತ್ತುವಾಗ ಅದು ಬಯಲಾಗುತ್ತದೆ. ಹಿಂದಿನ ಸೀಟಿನಲ್ಲಿ ಕೈಕಾಲು ಸ್ವಾಧೀನವಿಲ್ಲದ ರೋಗಿ ಮಲಗಿರುವಾಗ ಕಾಡಿನ ನಡುವೆ ರೇಡಿಯೇಟರ್ ಕುದಿದು ಗಾಡಿ ನಿಂತರೆ ಆಗುವ ಫಜೀತಿ ಅನುಭವಿಸಿದವರಿಗೇ ಗೊತ್ತು.

ಹೀಗೆ ನಿಂತ ಹಳೆಯ ಪೆಟ್ರೋಲ್ ಕಾರನ್ನು ಗ್ಯಾರೇಜಿಗೆ ತಂದರೆ ಹಲವು ಸಲ ಸಿಗುವ ಉತ್ತರ ಒಂದೇ: ‘ಟೈಮಿಂಗ್ ಬಿಟ್ಟಿದೆ ಮಾರಾಯ್ರೆ.’ ಮಾಲೀಕ ತಲೆಯಾಡಿಸುತ್ತಾನೆ. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ತುಸು ಆಚೆ ಈಚೆ ತಿರುಗಿಸಿ, ಎಂಜಿನ್ನಿನ ಸದ್ದು ಕೇಳಿ ಮತ್ತೆ ಬಿಗಿ ಮಾಡುತ್ತಾನೆ. ಗಾಡಿ ಹೊರಡುತ್ತದೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ. ಟೈಮಿಂಗ್ ಸರಿ ಮಾಡಿದ ಮೇಲೂ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಆ ಶಬ್ದದಲ್ಲೇ ಇದೆ. ಟೈಮಿಂಗ್ ಎಂಬುದು ಒಂದಲ್ಲ, ಎರಡು. ಒಂದು ವಾಲ್ವುಗಳದ್ದು, ಇನ್ನೊಂದು ಕಿಡಿಯದ್ದು. ಹಳೆಯ ಕಾರುಗಳಲ್ಲಿ ಮೊದಲನೆಯದು ತಪ್ಪಿದರೆ ಎರಡನೆಯದೂ ಅದರ ಜೊತೆಯಲ್ಲೇ ತಪ್ಪುತ್ತದೆ. ಆದರೆ ಎರಡನೆಯದನ್ನು ಸರಿಪಡಿಸಿದ ಮಾತ್ರಕ್ಕೆ ಮೊದಲನೆಯದು ಸರಿಯಾಗುವುದಿಲ್ಲ.

ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನಿನ ಕ್ರಮವೇ ಇಂದಿನ ಪೆಟ್ರೋಲ್ ಕಾರುಗಳಲ್ಲೂ ನಡೆದಿದೆ. ಪಿಸ್ಟನ್ ಕೆಳಗಿಳಿಯುವಾಗ ಇನ್‌ಲೆಟ್ ವಾಲ್ವ್ ತೆರೆದು ಪೆಟ್ರೋಲ್ ಬೆರೆತ ಗಾಳಿ ಒಳಬರುತ್ತದೆ. ಪಿಸ್ಟನ್ ಮೇಲೇರುವಾಗ ಎರಡೂ ವಾಲ್ವ್ ಮುಚ್ಚಿದ್ದು ಮಿಶ್ರಣ ಅದುಮಿಕೊಳ್ಳುತ್ತದೆ. ಪ್ಲಗ್ಗಿನಿಂದ ಕಿಡಿ ಹಾರಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಅದು ಮತ್ತೆ ಮೇಲೆ ಬರುವಾಗ ಎಕ್ಸಾಸ್ಟ್ ವಾಲ್ವ್ ತೆರೆದು ಹೊಗೆ ಹೊರಹೋಗುತ್ತದೆ. ಇಷ್ಟಕ್ಕೆ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಬೇಕು. ಆ ಎರಡು ಸುತ್ತಿನಲ್ಲಿ ಪ್ರತಿಯೊಂದು ವಾಲ್ವ್ ತೆರೆಯಬೇಕಾದುದು ಒಂದೇ ಸಲ. ಅದಕ್ಕಾಗಿ ವಾಲ್ವುಗಳನ್ನು ಒತ್ತುವ ಕ್ಯಾಮ್ ಶಾಫ್ಟನ್ನು ಚೈನಿನಿಂದಲೋ ಹಲ್ಲಿನ ಬೆಲ್ಟಿನಿಂದಲೋ ಕ್ರ್ಯಾಂಕಿಗೆ ಜೋಡಿಸಿ ಅದರ ಅರ್ಧ ವೇಗದಲ್ಲಿ ತಿರುಗಿಸುತ್ತಾರೆ. ಕ್ಯಾಮ್ ಒಂದು ಡಿಗ್ರಿ ತಿರುಗಿತೆಂದರೆ ಕ್ರ್ಯಾಂಕ್ ಎರಡು ಡಿಗ್ರಿ ತಿರುಗಿದೆ ಎಂದೇ ಲೆಕ್ಕ.

ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿ ಭತ್ತ ಕುಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ಒಂದು ಕ್ಷಣ ಹಿಂದೆ ಮುಂದೆ ಆದರೂ ಕೆಲಸ ಕೆಡುತ್ತದೆ. ಪಿಸ್ಟನ್ ಮತ್ತು ವಾಲ್ವುಗಳ ಈ ಹೊಂದಾಣಿಕೆಯೇ ವಾಲ್ವ್ ಟೈಮಿಂಗ್. ಕ್ಯಾಮ್ ಟೈಮಿಂಗ್ ಎಂದರೂ ಅದೇ.

ಇನ್ನು ಕಿಡಿಯ ಮಾತು. ಒಂದು ಸಿಲಿಂಡರಿಗೆ ಕಿಡಿ ಬೇಕಾಗುವುದೂ ಎರಡು ಸುತ್ತಿಗೆ ಒಂದೇ ಸಲ. ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್ ಶಾಫ್ಟ್ ಎಂಜಿನ್ನಿನಲ್ಲಿ ಹೇಗೂ ಇರುವಾಗ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅದಕ್ಕೇ ಜೋಡಿಸಿದರಾಯಿತು ಎಂದು ಹಿಂದಿನ ಎಂಜಿನಿಯರುಗಳು ಯೋಚಿಸಿದರು. ಅಗ್ಗದ, ಗಟ್ಟಿಯಾದ ಉಪಾಯ. 1489 ಸಿ.ಸಿ. ಎಂಜಿನ್ನಿನ ಅಂಬಾಸಡರಿನಲ್ಲಿ ಕ್ಯಾಮ್ ಶಾಫ್ಟ್ ಬ್ಲಾಕಿನೊಳಗೆ ಚೈನಿನಿಂದ ತಿರುಗುತ್ತದೆ; ಅದರ ಓರೆ ಹಲ್ಲಿನ ಗೇರು ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800ರ ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲಿದೆ, ಬೆಲ್ಟಿನಿಂದ ತಿರುಗುತ್ತದೆ. ಅದರ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರ್ ಕುಳಿತಿರುವುದು ಆ ಕ್ಯಾಮಿನ ತುದಿಯಲ್ಲೇ.

ಕಿಡಿ ಹಾರಬೇಕಾದುದು ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕಿಂತ ತುಸು ಮೊದಲು. ಏಕೆಂದರೆ ಪೆಟ್ರೋಲ್ ಮಿಶ್ರಣ ಒಮ್ಮೆಲೇ ಸಿಡಿಯುವ ಗರ್ನಾಲಿನಂಥದಲ್ಲ. ಕಿಡಿ ಬಿದ್ದಲ್ಲಿಂದ ಉರಿ ಹರಡಬೇಕು, ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಹೊತ್ತು ಬೇಕು. ನಮಗೆ ಅದು ಲೆಕ್ಕಕ್ಕೇ ಇಲ್ಲದ ಹೊತ್ತು. ಆದರೆ ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ. ಆದ್ದರಿಂದ ಕಿಡಿಯನ್ನು ಮುಂಚಿತವಾಗಿಯೇ ಕೊಟ್ಟು, ಪಿಸ್ಟನ್ ಮೇಲ್ತುದಿ ದಾಟಿದ ಕೂಡಲೇ ಒತ್ತಡ ಗರಿಷ್ಠವಾಗುವಂತೆ ನೋಡಿಕೊಳ್ಳಬೇಕು. ಮಗುವಿನ ಉಯ್ಯಾಲೆ ದೂಡುವಾಗಲೂ ಹೀಗೆಯೇ. ಹಿಂದಕ್ಕೆ ಬಂದ ಉಯ್ಯಾಲೆ ತಿರುಗುವ ಹೊತ್ತಿಗೆ ದೂಡಿದರೆ ಅದು ಚೆನ್ನಾಗಿ ಹಾರುತ್ತದೆ. ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ದೂಡಿದರೆ ಕೈಗೆ ಪೆಟ್ಟು, ಹೋದ ಮೇಲೆ ದೂಡಿದರೆ ಶ್ರಮ ವ್ಯರ್ಥ.

ಬೆಳಂಬಾರದ ದಂಡೆಯಲ್ಲಿರುವ ಎಂಜಿನ್ನುಗಳನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ನಾಡದೋಣಿಗಳ ಹಿಂದೆ ಕಟ್ಟುವ ಎರಡು ಹೊಡೆತದ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಮುಚ್ಚಿ ತೆರೆಯುತ್ತದೆ. ಕಿಡಿಗೆ ಬೇಕಾದ ವಿದ್ಯುತ್ತು ಕ್ರ್ಯಾಂಕಿನ ಮೇಲಿನ ಫ್ಲೈವೀಲ್ ಮ್ಯಾಗ್ನೆಟೊದಿಂದ ನೇರವಾಗಿ ಬರುತ್ತದೆ. ಅಲ್ಲಿ ಕಿಡಿಯ ಟೈಮಿಂಗ್ ಎಂದರೆ ಕಿಡಿಯದ್ದೇ, ಗೊಂದಲಕ್ಕೆ ಎಡೆಯಿಲ್ಲ. ದೊಡ್ಡ ಬೋಟುಗಳ ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಬೇಡ; ಅಲ್ಲಿ ಎಣ್ಣೆ ಚಿಮುಕಿಸುವ ಪಂಪಿನ ಟೈಮಿಂಗ್ ನೋಡುತ್ತಾರೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ಮಾತ್ರ ಕಿಡಿಗೂ ಕ್ರ್ಯಾಂಕಿಗೂ ನಡುವೆ ಕ್ಯಾಮ್ ಶಾಫ್ಟ್ ಮಧ್ಯಸ್ಥನಾಗಿ ನಿಂತಿರುತ್ತದೆ. ಮಧ್ಯಸ್ಥ ಜಾಗ ಬಿಟ್ಟು ಕದಲಿದರೆ ಎರಡೂ ಕೆಲಸ ಕೆಟ್ಟಂತೆ.

ಒಂದು ಲೆಕ್ಕ ಹಾಕಿ ನೋಡೋಣ. ಬೆಳಂಬಾರದ ಮನೆಯೊಂದರ ಅಂಗಳದಲ್ಲಿ ಬೆಲ್ಟಿನ ಎಂಜಿನ್ನಿನ ಹಳೆಯ ಕಾರೊಂದು ಇದೆ ಎಂದುಕೊಳ್ಳಿ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು, ಕ್ಯಾಮ್ ಪುಲ್ಲಿಗೆ 40 ಹಲ್ಲು. ಬೆಲ್ಟ್ ಸಡಿಲವಾಗಿ ಒಂದೇ ಒಂದು ಹಲ್ಲು ಜಾರಿ ಕ್ಯಾಮ್ ಹಿಂದೆ ಬಿತ್ತು. ಕ್ಯಾಮಿನ ಲೆಕ್ಕದಲ್ಲಿ ಅದು 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಮೊದಲು ಮೇಲ್ತುದಿಗಿಂತ 10 ಡಿಗ್ರಿ ಮುಂಚೆ ಹಾರುತ್ತಿದ್ದ ಕಿಡಿ ಈಗ ಮೇಲ್ತುದಿ ದಾಟಿ 8 ಡಿಗ್ರಿ ಆದ ಮೇಲೆ ಹಾರುತ್ತದೆ. ಪಿಸ್ಟನ್ ಆಗಲೇ ಕೆಳಗೆ ಓಡುತ್ತಿರುತ್ತದೆ, ಉರಿ ಅದರ ಬೆನ್ನು ಹತ್ತುತ್ತದೆ. ಚಕ್ರಕ್ಕೆ ಹೋಗಬೇಕಾದ ಬಲ ಬಿಸಿಯಾಗಿ ಸಿಲಿಂಡರ್ ಗೋಡೆಗೂ ಸೈಲೆನ್ಸರಿಗೂ ಸೇರುತ್ತದೆ. ಗಾಡಿಗೆ ಪಿಕಪ್ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ನೀರು ಬೇಗ ಕುದಿಯುತ್ತದೆ.

ಇಲ್ಲಿ ಮೆಕ್ಯಾನಿಕ್ ಟೈಮಿಂಗ್ ಲೈಟ್ ಹಿಡಿದು ನೋಡುತ್ತಾನೆ. ಕ್ರ್ಯಾಂಕ್ ಪುಲ್ಲಿಯ ಗುರುತಿಗೂ ಬೆಳಕಿಗೂ ತಾಳೆಯಿಲ್ಲ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಗುರುತು ಕೂಡಿಸುತ್ತಾನೆ. ಕಿಡಿ ಮತ್ತೆ 10 ಡಿಗ್ರಿ ಮುಂಚೆ ಬಂತು. ನಿಂತಲ್ಲಿ ಎಂಜಿನ್ ಮೊದಲಿಗಿಂತ ಸಮವಾಗಿ ತಿರುಗುತ್ತದೆ. ಟೈಮಿಂಗ್ ಲೈಟ್ ಸುಳ್ಳು ಹೇಳಿಲ್ಲ. ಆದರೆ ಅದು ಕಿಡಿಯ ಸಂಗತಿ ಮಾತ್ರ ಹೇಳುತ್ತದೆ, ವಾಲ್ವುಗಳ ಸಂಗತಿ ಹೇಳುವುದಿಲ್ಲ. ಅವು ಈಗಲೂ 18 ಡಿಗ್ರಿ ತಡವಾಗಿಯೇ ತೆರೆದು ಮುಚ್ಚುತ್ತಿವೆ. ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚಿದರೆ, ಮೇಲೇರುವ ಪಿಸ್ಟನ್ ಒಳಗೆ ಬಂದ ಮಿಶ್ರಣದಲ್ಲಿ ಸ್ವಲ್ಪವನ್ನು ಬಂದ ದಾರಿಯಲ್ಲೇ ಹೊರದೂಡುತ್ತದೆ. ನಿಧಾನ ವೇಗದಲ್ಲಿ ಈ ನಷ್ಟ ಹೆಚ್ಚು. ಘಟ್ಟದಲ್ಲಿ ಲಾರಿಯೊಂದರ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಬೇಕಾಗುವುದು ನಿಧಾನ ವೇಗದ ಎಳೆತವೇ. ಗ್ಯಾರೇಜಿನ ಅಂಗಳದಲ್ಲಿ ಸರಿಯಾದ ಗಾಡಿ ಘಟ್ಟದಲ್ಲಿ ಮತ್ತೆ ಸೋಲುವುದು ಇದರಿಂದ.

ಬೆಲ್ಟ್ ಹಲ್ಲು ಜಾರುವುದೊಂದೇ ಕಾರಣವಲ್ಲ. ಅಂಬಾಸಡರಿನಂಥ ಗಾಡಿಗಳಲ್ಲಿ ಚೈನು ಸವೆದು ಉದ್ದವಾಗುತ್ತದೆ. ಉದ್ದವಾದಷ್ಟೂ ಕ್ಯಾಮ್ ಕೆಲವು ಡಿಗ್ರಿ ಹಿಂದೆ ಬೀಳುತ್ತದೆ, ಕಿಡಿಯೂ ಹಿಂದೆ ಬೀಳುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲವಾದ್ದರಿಂದ ಪ್ರತಿ ಸರ್ವಿಸಿನಲ್ಲೂ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗುತ್ತಾರೆ; ಚೈನಿನ ಸವೆತ ಅದರ ಹಿಂದೆ ಅಡಗಿಕೊಂಡೇ ಬೆಳೆಯುತ್ತದೆ. ಇನ್ನೊಂದು ಕಾರಣ ಹೆಡ್ ಫೇಸಿಂಗ್. ಎಂಜಿನ್ ಕುದಿದು ಹೆಡ್ ಸೊಟ್ಟಗಾದರೆ ಲೇಥಿಗೆ ಕೊಟ್ಟು ಅದರ ತಳವನ್ನು ಉಜ್ಜಿಸಿ ಮಟ್ಟ ಮಾಡುತ್ತಾರೆ. ಕ್ಯಾಮ್ ಹೆಡ್ಡಿನ ಮೇಲಿರುವ ಗಾಡಿಗಳಲ್ಲಿ ಉಜ್ಜಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ. ಬೆಲ್ಟಿನ ಎಳೆಯುವ ಬದಿ ಅಷ್ಟು ಚಿಕ್ಕದಾಗುವುದರಿಂದ ಕ್ಯಾಮ್ ತುಸು ಹಿಂದೆ ಸರಿಯುತ್ತದೆ. ಒಂದು ಸಲದ ಫೇಸಿಂಗಿನಲ್ಲಿ ಇದು ಅಲ್ಪವೇ. ಎರಡು ಮೂರು ಸಲ ಕುದಿದು ಎರಡು ಮೂರು ಸಲ ಉಜ್ಜಿಸಿಕೊಂಡ ಹೆಡ್ಡಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ತಪ್ಪು ಎದುರು ದಿಕ್ಕಿನಲ್ಲೂ ಆಗಬಹುದು. ಹೊಸ ಬೆಲ್ಟ್ ಹಾಕುವಾಗ ಕ್ಯಾಮ್ ಒಂದು ಹಲ್ಲು ಮುಂದೆ ಕುಳಿತರೆ ಕಿಡಿ ಅದೇ ಲೆಕ್ಕದಲ್ಲಿ 10 ಡಿಗ್ರಿಯಿಂದ 28 ಡಿಗ್ರಿಗೆ ಮುಂಚಿತವಾಗುತ್ತದೆ. ಆಗ ಇನ್‌ಲೆಟ್ ವಾಲ್ವ್ ಬೇಗ ಮುಚ್ಚಿ ನಿಧಾನ ವೇಗದಲ್ಲಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ತುಂಬಿದ ಸಿಲಿಂಡರಿನಲ್ಲಿ ಉರಿ ಬೇಗ ಹರಡುವುದರಿಂದ ಅದಕ್ಕೆ ಬೇಕಾದುದು ತಡವಾದ ಕಿಡಿ. ಸಿಗುವುದು ಮಾತ್ರ ಇನ್ನಷ್ಟು ಮುಂಚಿನ ಕಿಡಿ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಬೆಳೆದು ಎಂಜಿನ್ ಟಣಟಣ ಎಂದು ನಾಕಿಂಗ್ ಮಾಡುತ್ತದೆ. ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದೆಯುತ್ತದೆ. ಭಾರ ಹೇರಿಕೊಂಡು ಏರು ಹತ್ತುವಾಗ ಈ ನಾಕಿಂಗನ್ನು ಅಲಕ್ಷ್ಯ ಮಾಡಿದರೆ ಹೆಡ್ ಗ್ಯಾಸ್ಕೆಟ್ ಸುಡಬಹುದು, ಪಿಸ್ಟನ್ನಿನ ತಲೆಯೇ ತೂತು ಬೀಳಬಹುದು.

ಮೇಲಿನ ಮಾತಿನಲ್ಲಿ ಇನ್ನೊಂದು ಸಂಬಂಧವೂ ಅಡಗಿದೆ. ಕ್ಯಾಮ್ ಬದಲಾದರೆ ಕಿಡಿ ಹಾರುವ ಹೊತ್ತು ಬದಲಾಗುವುದು ಮಾತ್ರವಲ್ಲ, ಕಿಡಿ ಯಾವಾಗ ಹಾರಿದರೆ ಒಳ್ಳೆಯದು ಎಂಬುದೂ ಬದಲಾಗುತ್ತದೆ. ಅರೆಬರೆ ತುಂಬಿದ ಸಿಲಿಂಡರಿನಲ್ಲಿ ಉರಿ ನಿಧಾನ, ಕಿಡಿ ಬೇಗ ಬೇಕು. ಚೆನ್ನಾಗಿ ತುಂಬಿದಲ್ಲಿ ಉರಿ ಚುರುಕು, ಕಿಡಿ ತಡವಾದರೂ ಸಾಕು. ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಇದನ್ನು ನಿಭಾಯಿಸಲು ಎರಡು ಏರ್ಪಾಡುಗಳಿವೆ. ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿಕೊಳ್ಳುವ ಪುಟ್ಟ ತೂಕದ ಬಿಲ್ಲೆಗಳು ಕಿಡಿಯನ್ನು ಮುಂಚಿತಗೊಳಿಸುತ್ತವೆ. ಬದಿಗೆ ಅಂಟಿಕೊಂಡ ವ್ಯಾಕ್ಯೂಮ್ ಡಬ್ಬಿ ಕಾರ್ಬ್ಯುರೇಟರಿನ ಕಡೆಯ ಎಳೆತ ನೋಡಿ, ಭಾರ ಕಡಿಮೆಯಿದ್ದಾಗ ಇನ್ನಷ್ಟು ಮುಂಚಿತಗೊಳಿಸಿ, ಭಾರ ಬಿದ್ದಾಗ ಹಿಂದಕ್ಕೆ ಬಿಡುತ್ತದೆ. ವಾಲ್ವ್ ಟೈಮಿಂಗ್ ಕೆಟ್ಟರೆ ಆ ಎಳೆತವೇ ದುರ್ಬಲವಾಗುವುದರಿಂದ ವ್ಯಾಕ್ಯೂಮ್ ಡಬ್ಬಿಯ ಅಂದಾಜೂ ತಪ್ಪುತ್ತದೆ.

ಹಾಗಾದರೆ ಕ್ಯಾಮ್ ತಪ್ಪಿದೆಯೆಂದು ತಿಳಿಯುವುದು ಹೇಗೆ? ಮೊದಲ ಸುಳಿವು ಡಿಸ್ಟ್ರಿಬ್ಯೂಟರಿನಲ್ಲೇ ಇದೆ. ಅದನ್ನು ತಿರುಗಿಸಲು ಬೋಲ್ಟಿನ ಬಳಿ ಒಂದು ಉದ್ದನೆಯ ಸೀಳು ಇರುತ್ತದೆ. ಸರಿಯಾದ ಎಂಜಿನ್ನಿನಲ್ಲಿ ಬೋಲ್ಟ್ ಸಾಮಾನ್ಯವಾಗಿ ಸೀಳಿನ ನಡುವೆ ಎಲ್ಲೋ ಇರುತ್ತದೆ. ಗುರುತು ಕೂಡಿಸಲು ಸೀಳಿನ ತುದಿಯವರೆಗೆ ತಿರುಗಿಸಬೇಕಾಗಿ ಬಂದರೆ, ಅಥವಾ ಸೀಳು ಮುಗಿದರೂ ಗುರುತು ಕೂಡದಿದ್ದರೆ, ಡಿಸ್ಟ್ರಿಬ್ಯೂಟರನ್ನು ಅಲ್ಲೇ ಬಿಟ್ಟು ಬೆಲ್ಟಿನ ಮುಚ್ಚಳ ಬಿಚ್ಚುವುದು ಒಳ್ಳೆಯದು. ಎರಡನೆಯದು ಕಂಪ್ರೆಶನ್ ಗೇಜು. ಎಲ್ಲ ಸಿಲಿಂಡರುಗಳಲ್ಲೂ ಒತ್ತಡ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸಿದರೆ ಕ್ಯಾಮಿನ ಮೇಲೆ ಸಂಶಯಪಡಬೇಕು. ಒಂದರಲ್ಲಿ ಮಾತ್ರ ಕಡಿಮೆಯಾದರೆ ಆ ಸಿಲಿಂಡರಿನ ವಾಲ್ವೋ ರಿಂಗೋ ಕಾರಣವಿದ್ದೀತು.

ಸರಿಪಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಒಂದನೇ ಸಿಲಿಂಡರಿನ ಪಿಸ್ಟನ್ ಮೇಲ್ತುದಿಗೆ ಬರುವಂತೆ ಕ್ರ್ಯಾಂಕಿನ ಗುರುತು ಕೂಡಿಸಬೇಕು. ಇಲ್ಲಿ ಒಂದು ಎಚ್ಚರ ಬೇಕು. ಎರಡು ಸುತ್ತಿನಲ್ಲಿ ಪಿಸ್ಟನ್ ಎರಡು ಸಲ ಮೇಲ್ತುದಿಗೆ ಬರುತ್ತದೆ, ಒಮ್ಮೆ ಮಿಶ್ರಣ ಅದುಮಿ, ಒಮ್ಮೆ ಹೊಗೆ ದೂಡಿ. ಕಿಡಿಗೆ ಬೇಕಾದುದು ಮೊದಲನೆಯದು. ಆಮೇಲೆ ಕ್ಯಾಮ್ ಪುಲ್ಲಿಯ ಗುರುತು ನೋಡಿ ಬೆಲ್ಟ್ ಕೂರಿಸಿ, ಬಿಗಿತ ಸರಿ ಮಾಡಿ, ಸ್ಪ್ಯಾನರಿನಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎರಡು ಸುತ್ತು ಏಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುವುದು ಆಗಲೇ. ಗುರುತುಗಳೆಲ್ಲ ಮತ್ತೆ ಕೂಡಿದರೆ ಬೆಲ್ಟಿನ ಕೆಲಸ ಸರಿಯಾಯಿತು. ನಡುವೆ ಎಲ್ಲಾದರೂ ತಡೆದರೆ ಬಲ ಹಾಕಕೂಡದು. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗಿ ಬಗ್ಗುತ್ತದೆ. ಇದಾದ ನಂತರ ಟ್ಯಾಪೆಟ್ ಅಂತರ, ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟಿನ ಅಂತರ. ಪಾಯಿಂಟಿನ ಅಂತರ ಬದಲಾದರೂ ಕಿಡಿಯ ಹೊತ್ತು ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಇವೆಲ್ಲ ಮುಗಿದ ಮೇಲೆ ಕೊನೆಯದಾಗಿ ಡಿಸ್ಟ್ರಿಬ್ಯೂಟರ್ ಮತ್ತು ಟೈಮಿಂಗ್ ಲೈಟ್. ಕೊನೆಯ ಕೆಲಸವನ್ನು ಮೊದಲು ಮಾಡಿದರೆ ಉಳಿದ ತಪ್ಪುಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಈಗಿನ ಕಾರುಗಳಲ್ಲಿ ಈ ಗಂಟು ಬಿಚ್ಚಿಕೊಂಡಿದೆ. ಡಿಸ್ಟ್ರಿಬ್ಯೂಟರ್ ಇಲ್ಲ. ಕ್ರ್ಯಾಂಕಿನ ಬಳಿಯ ಸೆನ್ಸರ್ ಹಲ್ಲು ಎಣಿಸಿ ಕಂಪ್ಯೂಟರಿಗೆ ತಿಳಿಸುತ್ತದೆ, ಕಿಡಿ ಯಾವಾಗ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಕ್ಯಾಮಿನ ಬಳಿಯ ಸೆನ್ಸರ್ ಯಾವ ಸಿಲಿಂಡರಿನ ಸರದಿ ಎಂಬುದನ್ನು ಹೇಳುತ್ತದೆ. ಇಂಥ ಎಂಜಿನ್ನಿನಲ್ಲಿ ಕ್ಯಾಮ್ ಒಂದು ಹಲ್ಲು ಜಾರಿದರೂ ಕಿಡಿ ಅದರೊಂದಿಗೆ ಜಾರುವುದಿಲ್ಲ. ಎರಡು ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚುತ್ತದೆ. ಸ್ಕ್ಯಾನರ್ ಹಾಕಿದರೆ ಪಿ 0016ರಂಥ ಸಂಕೇತ ಬರುತ್ತದೆ. ಬಂದಾಗ ಸೆನ್ಸರ್ ಬದಲಿಸುವ ಮೊದಲು ಚೈನು, ಬೆಲ್ಟಿನ ಗುರುತು ನೋಡಿಸುವುದು ಜಾಣತನ.

ವಿವಿಟಿ ಎಂದು ಬರೆದಿರುವ ಕಾರುಗಳಲ್ಲಂತೂ ಕ್ಯಾಮನ್ನು ಬೇಕೆಂದೇ ಸರಿಸುತ್ತಾರೆ. ಇಟಲಿಯ ಆಲ್ಫಾ ರೋಮಿಯೊ ಕಂಪನಿ 1980ರಲ್ಲಿ ಮಾರುಕಟ್ಟೆಯ ಕಾರಿಗೆ ತಂದ ಈ ಉಪಾಯ ಈಗ ನಮ್ಮ ಸಣ್ಣ ಕಾರುಗಳಿಗೂ ಬಂದಿದೆ. ಎಂಜಿನ್ ಆಯಿಲಿನ ಒತ್ತಡದಿಂದ ಕ್ಯಾಮ್ ಓಡುತ್ತಿರುವಾಗಲೇ ಹಿಂದೆ ಮುಂದೆ ಸರಿಯುತ್ತದೆ. ಏರಿನಲ್ಲಿ ಒಂದು ಟೈಮಿಂಗ್, ಹೆದ್ದಾರಿಯಲ್ಲಿ ಇನ್ನೊಂದು. ಸರಿದಂತೆಲ್ಲ ಸಿಲಿಂಡರ್ ತುಂಬುವ ಪ್ರಮಾಣ ಬದಲಾಗುವುದರಿಂದ ಕಂಪ್ಯೂಟರ್ ಕಿಡಿಯ ಹೊತ್ತನ್ನೂ ಆಗಿಂದಾಗ ಬದಲಿಸುತ್ತ ಹೋಗುತ್ತದೆ. ನಾಕಿಂಗ್ ಆಗುತ್ತಿದೆಯೇ ಎಂದು ಕೇಳಿಸಿಕೊಳ್ಳುವ ಸೆನ್ಸರೂ ಬ್ಲಾಕಿಗೆ ಅಂಟಿಕೊಂಡಿರುತ್ತದೆ. ಹಿಂದೆ ನುರಿತ ಮೆಕ್ಯಾನಿಕ್ ಕಿವಿಯಿಂದ ಮಾಡುತ್ತಿದ್ದ ಕೆಲಸವನ್ನೇ ಅದು ಕ್ಷಣಕ್ಷಣಕ್ಕೂ ಮಾಡುತ್ತದೆ. ಆಯಿಲ್ ಹಳತಾಗಿ ಕೊಳೆ ಕಟ್ಟಿದರೆ ಈ ಏರ್ಪಾಡು ಮಂಕಾಗುತ್ತದೆ. ಆದ್ದರಿಂದ ಇಂಥ ಕಾರಿನವರು ಆಯಿಲ್ ಬದಲಿಸುವುದನ್ನು ಮುಂದೂಡಬಾರದು.

ಆದರೆ ಹಳೆಯ ಗಾಡಿಗಳು ಪೂರ್ತಿ ಮರೆಯಾಗಿಲ್ಲ. ಹೊಸದಕ್ಕೆ ದುಡ್ಡಿಲ್ಲದ ಮನೆಗಳಲ್ಲಿ, ಅಪ್ಪ ಕೊಂಡ ಗಾಡಿ ಎಂಬ ಮೋಹವಿರುವ ಮನೆಗಳಲ್ಲಿ ಅವು ಉಳಿದುಕೊಂಡಿವೆ, ಆಸ್ಪತ್ರೆಗೆ ಓಡಬೇಕಾದಾಗ ಕೆಲಸಕ್ಕೂ ಬರುತ್ತವೆ. ಅಂಥ ಗಾಡಿಯನ್ನು ಗ್ಯಾರೇಜಿನಿಂದ ಬಿಡಿಸಿಕೊಳ್ಳುವಾಗ ‘ಟೈಮಿಂಗ್ ಸರಿ ಮಾಡಿದ್ದೇನೆ’ ಎಂಬ ಮಾತು ಬಂದರೆ, ‘ಯಾವುದು, ಕಿಡಿಯದ್ದೋ ಬೆಲ್ಟಿನದ್ದೋ?’ ಎಂದು ಕೇಳಬಹುದು. ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಮುಚ್ಚಳ ಬಿಚ್ಚಿ ಗುರುತು ತೋರಿಸುತ್ತಾನೆ. ಎರಡೂ ಸರಿಯಿದ್ದರೆ ಅರಬೈಲಿನ ತಿರುವುಗಳಲ್ಲಿ ಉಷ್ಣತೆಯ ಮುಳ್ಳನ್ನೇ ನೋಡುತ್ತ ಕೂರಬೇಕಾಗಿಲ್ಲ.